ಒಬ್ಬರೇ ಕೂತು ಮಾಡಿದ ಸಿನಿಮಾ: ಬೆಂಕಿಕಡ್ಡಿಯಿಂದ ಮೊಬೈಲ್‌ವರೆಗೆ

ಇವತ್ತಿನ ಸಂಚಿಕೆಯನ್ನ ಒಂದು ಸಣ್ಣ ಲೆಕ್ಕದಿಂದ ಶುರು ಮಾಡ್ತೀನಿ.

ಸಿನಿಮಾದಲ್ಲಿ ಒಂದು ಸೆಕೆಂಡಿಗೆ 24 ಚಿತ್ರ ಓಡುತ್ತೆ. ಅಂದ್ರೆ ಒಂದು ನಿಮಿಷಕ್ಕೆ 1,440. ಅನಿಮೇಷನ್ ಮಾಡೋರು ಸಾಮಾನ್ಯವಾಗಿ ಒಂದೊಂದು ಚಿತ್ರವನ್ನ ಎರಡೆರಡು ಸಲ ತೋರಿಸಿ ಕೆಲಸವನ್ನ ಅರ್ಧಕ್ಕೆ ಇಳಿಸ್ಕೋತಾರೆ. ಆದ್ರೂ ನಿಮಿಷಕ್ಕೆ 720 ಚಿತ್ರ ಬೇಕೇ ಬೇಕು. ಅದಕ್ಕೇ ದೊಡ್ಡ ಅನಿಮೇಷನ್ ಸಿನಿಮಾ ಮುಗಿದ ಮೇಲೆ ಪರದೆ ಮೇಲೆ ಹೆಸರುಗಳು ಓಡ್ತಾನೇ ಇರುತ್ತವೆ, ಥಿಯೇಟರ್ ಖಾಲಿಯಾದ್ರೂ ಮುಗಿಯಲ್ಲ. ಅದನ್ನ ನೋಡಿದ ಯಾವ ಹುಡುಗ, ಹುಡುಗಿಗಾದ್ರೂ ಅನ್ಸೋದು ಒಂದೇ: ಇದು ನಮ್ಮ ಕೈಲಾಗೋ ಕೆಲಸ ಅಲ್ಲ ಬಿಡಪ್ಪ.

ನಾನು ತುಮಕೂರಿನವನು. ಈ ಮಾತನ್ನ ನಮ್ಮೂರಲ್ಲಿ ಬಹಳ ಸಲ ಕೇಳಿದ್ದೀನಿ. ಡ್ರಾಯಿಂಗ್ ಬರಲ್ಲ, ಒಳ್ಳೆ ಲ್ಯಾಪ್‌ಟಾಪ್ ಇಲ್ಲ, ಬೆಂಗಳೂರಲ್ಲಿ ಕೋರ್ಸ್ ಸೇರೋಣ ಅಂದ್ರೆ ಮನೇಲಿ ದುಡ್ಡಿಲ್ಲ. ಮೂರೂ ನಿಜವಾದ ಕಷ್ಟಗಳೇ. ಆದರೆ ಅನಿಮೇಷನ್ ಇತಿಹಾಸ ಓದ್ತಾ ಹೋದ ಹಾಗೆ ನನಗೆ ಒಂದು ವಿಷಯ ಸ್ಪಷ್ಟವಾಯ್ತು. ಈ ಕಲೆ ಶುರುವಾಗಿದ್ದೇ ಒಬ್ಬಿಬ್ಬರು ಸಣ್ಣ ಕೋಣೆಯಲ್ಲಿ ಕೂತು, ಇರೋದ್ರಲ್ಲೇ ಸಾಗಿಸಿದ್ದರಿಂದ. ಇವತ್ತು ನಾವು ಕಲಿಯೋ ಬಹುತೇಕ ತಂತ್ರಗಳು ಕೆಲಸ ತಪ್ಪಿಸಿಕೊಳ್ಳೋಕೆ ಹುಡುಕಿದ ಉಪಾಯಗಳು. ಆ ಉಪಾಯಗಳಲ್ಲಿ ಕೆಲವನ್ನ ಅರ್ಥ ಮಾಡ್ಕೊಳ್ಳೋಕೆ ತುಮಕೂರು ಜಿಲ್ಲೆ ಬಿಟ್ಟು ಬಹಳ ದೂರ ಹೋಗಬೇಕಾಗಿಲ್ಲ. ಒಂದು ಕಡೆ ಕುಣಿಗಲ್, ಇನ್ನೊಂದು ಕಡೆ ಗುಬ್ಬಿ. ಎರಡೂ ಊರಿಗೆ ಹೋಗಿ ಬರೋಣ, ನಡುವೆ ಪ್ಯಾರಿಸ್, ಬರ್ಲಿನ್ ಕೂಡ ಸುತ್ತೋಣ.

ಕಡ್ಡಿ ಮನುಷ್ಯ

1908ರ ಆಗಸ್ಟ್ ತಿಂಗಳು, ಪ್ಯಾರಿಸ್. ಎಮಿಲ್ ಕೋಲ್ ಎಂಬ ವ್ಯಂಗ್ಯಚಿತ್ರಕಾರರ 'ಫ್ಯಾಂಟಾಸ್ಮಗೋರಿ' ಅನ್ನೋ ಪುಟ್ಟ ಚಿತ್ರ ತೆರೆಗೆ ಬಂತು. ಪೂರ್ತಿ ಕೈಯಲ್ಲಿ ಬರೆದ ಅನಿಮೇಷನ್‌ಗಳಲ್ಲಿ ಮೊದಲನೆಯದು ಅಂತ ಇದನ್ನೇ ಸಾಮಾನ್ಯವಾಗಿ ಹೇಳ್ತಾರೆ. ಆಗ ಕೋಲ್ ಅವರಿಗೆ 51 ವರ್ಷ. ಹೊಸದು ಕಲಿಯೋಕೆ ವಯಸ್ಸಾಯ್ತು ಅನ್ನೋರು ಇದನ್ನ ನೆನಪಿಟ್ಕೊಳ್ಳಿ.

ಸುಮಾರು 700 ಚಿತ್ರ ಬರೆದರು. ಸಿನಿಮಾ ಎರಡು ನಿಮಿಷವೂ ಇಲ್ಲ. ಅದರಲ್ಲಿರೋ ಪಾತ್ರ ಹೇಗಿದೆ ಗೊತ್ತಾ? ಗುಂಡು ತಲೆ, ಕಡ್ಡಿಯಂಥ ಕೈಕಾಲು. ಒಂದನೇ ಕ್ಲಾಸಿನ ಮಗು ಸ್ಲೇಟಿನ ಮೇಲೆ ಬರೆದಂಗೆ. ಕೋಲ್ ಅವರಿಗೆ ಇದಕ್ಕಿಂತ ಚೆನ್ನಾಗಿ ಬರೆಯೋಕೆ ಬರ್ತಿರಲಿಲ್ಲ ಅಂತಲ್ಲ, ಅವರು ಹೆಸರಾಂತ ಚಿತ್ರಕಾರರು. ಆದ್ರೆ ಒಂದೇ ಪಾತ್ರವನ್ನ 700 ಸಲ ಬರೀಬೇಕಾದ್ರೆ ಒಂದೊಂದು ಗೆರೆಗೂ ಲೆಕ್ಕ ಇರುತ್ತೆ. ಕೋಟಿಗೆ ಐದು ಗುಂಡಿ ಬರೆದ್ರೆ, ಅಷ್ಟೂ ಹಾಳೆ ಸೇರಿ 3,500 ಗುಂಡಿ ಬರೀಬೇಕು!

ಬಿಳಿ ಹಾಳೆ ಮೇಲೆ ಕಪ್ಪು ಶಾಯಿಯಲ್ಲಿ ಬರೆದು, ಅದನ್ನ ನೆಗೆಟಿವ್ ಆಗಿ ಪ್ರಿಂಟ್ ಹಾಕಿದರು. ಹಂಗಾಗಿ ತೆರೆ ಮೇಲೆ ಕಪ್ಪು ಹಲಗೆ, ಅದರ ಮೇಲೆ ಸೀಮೆಸುಣ್ಣದ ಗೆರೆ ಕುಣಿದಂತೆ ಕಾಣುತ್ತೆ. ಇವತ್ತು ಯೂಟ್ಯೂಬ್‌ನಲ್ಲಿ ಹುಡುಕಿ ನೋಡಿ. ಕಡ್ಡಿ ಮನುಷ್ಯನೇ ಒಂದೂವರೆ ನಿಮಿಷ ನಮ್ಮನ್ನ ಹಿಡಿದು ಕೂರಿಸ್ತಾನೆ. ಯಾಕಂದ್ರೆ ಅವನ ಸುತ್ತ ಬಾಟಲಿ ಹೂವಾಗುತ್ತೆ, ಹೂವು ಆನೆ ಆಗುತ್ತೆ. ಚಿತ್ರ ಸರಳ, ಚಲನೆ ಚುರುಕು.

ಹಾಗಾದ್ರೆ ನಾವು ಕಲಿಯಬೇಕಾದ್ದು ಚಂದ ಬರೆಯೋದಕ್ಕಿಂತ ಮೊದಲು ಚಲನೆಯನ್ನ. ಅದಕ್ಕೆ ಕುಣಿಗಲ್ ಕಡೆ ಹೋಗೋಣ.

ಕುಣಿಗಲ್ ಕುದುರೆ

ಕುಣಿಗಲ್ ಅಂದ ತಕ್ಷಣ ನಮಗೆ ಎರಡು ನೆನಪಾಗುತ್ತವೆ. ಒಂದು ಕೆರೆ, ಅದರ ಮೇಲೆ ಇಡೀ ಕರ್ನಾಟಕ ಹಾಡೋ ಜನಪದ ಗೀತೆ. ಇನ್ನೊಂದು ಕುದುರೆ ಫಾರಂ. ಟಿಪ್ಪುವಿನ ಸೈನ್ಯಕ್ಕೆ ಕುದುರೆ ಸಾಕ್ತಿದ್ದ ಜಾಗ ಅಂತ ಅದಕ್ಕೆ ಹಳೇ ಹೆಸರು, ಆಮೇಲೆ ರೇಸ್ ಕುದುರೆಗಳಿಗೂ ಹೆಸರಾಯ್ತು.

ಕುದುರೆ ನಾಗಾಲೋಟದಲ್ಲಿ ಓಡುವಾಗ ನಾಲ್ಕೂ ಕಾಲು ಒಟ್ಟಿಗೆ ನೆಲ ಬಿಡುತ್ತವಾ? ಬಿಡೋದಾದ್ರೆ ಯಾವಾಗ? ತಲೆಮಾರುಗಳಿಂದ ಕುದುರೆ ಸಾಕಿದವರಿಗೂ ಬರಿಗಣ್ಣಲ್ಲಿ ಇದನ್ನ ಖಚಿತವಾಗಿ ಹೇಳೋಕೆ ಆಗಲ್ಲ, ಅಷ್ಟು ವೇಗ ಅದು. ಯುರೋಪಿನ ಚಿತ್ರಕಾರರು ಬಹಳ ಕಾಲ ಓಡೋ ಕುದುರೆಯನ್ನ ಮುಂಗಾಲು ಮುಂದಕ್ಕೆ, ಹಿಂಗಾಲು ಹಿಂದಕ್ಕೆ ಚಾಚಿದಂಗೆ ಬರೀತಿದ್ದರು.

1878ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಎಡ್ವರ್ಡ್ ಮೈಬ್ರಿಜ್ ಅನ್ನೋ ಛಾಯಾಗ್ರಾಹಕ ಇದಕ್ಕೆ ಉತ್ತರ ಹುಡುಕಿದರು. ಓಡುವ ದಾರಿಯ ಪಕ್ಕ ಸಾಲಾಗಿ 12 ಕ್ಯಾಮೆರಾ ಇಟ್ಟು, ಕುದುರೆ ಹಾದು ಹೋದಂತೆ ಒಂದೊಂದೇ ಫೋಟೊ ತೆಗೆಸಿದರು. ಖರ್ಚು ಕೊಟ್ಟವರು ಆ ರಾಜ್ಯದ ಗವರ್ನರ್ ಆಗಿದ್ದ, ರೈಲ್ವೆ ಕಂಪನಿಯ ಶ್ರೀಮಂತ ಲೇಲ್ಯಾಂಡ್ ಸ್ಟ್ಯಾನ್‌ಫರ್ಡ್. ಫೋಟೊ ನೋಡಿದ್ರೆ ನಾಲ್ಕೂ ಗೊರಸು ನೆಲ ಬಿಟ್ಟಿರೋದು ನಿಜ. ಆದ್ರೆ ಕಾಲು ಚಾಚಿದಾಗ ಅಲ್ಲ, ಹೊಟ್ಟೆ ಕೆಳಗೆ ಮಡಚಿಕೊಂಡಾಗ. ಅಷ್ಟು ವರ್ಷದ ಚಿತ್ರಗಳೆಲ್ಲ ತಪ್ಪು ಅಂತ ಒಂದು ಸಾಲು ಫೋಟೊ ಹೇಳಿಬಿಡ್ತು.

ಅನಿಮೇಷನ್ ಮಾಡೋರಿಗೆ ಇಲ್ಲಿಂದ ಸಿಕ್ಕಿದ್ದು ದೊಡ್ಡ ಆಸ್ತಿ. ಕುದುರೆ ಒಂದು ನೆಗೆತ ಪೂರೈಸಿದ ಮೇಲೆ ಮತ್ತೆ ಮೊದಲಿನ ಭಂಗಿಗೇ ಬರುತ್ತೆ. ಹಂಗಾಗಿ ಹತ್ತೋ ಹನ್ನೆರಡೋ ಚಿತ್ರ ಬರೆದು ಅದನ್ನೇ ತಿರುಗಿಸ್ತಾ ಇದ್ರೆ ಕುದುರೆ ಕುಣಿಗಲ್‌ನಿಂದ ತುಮಕೂರಿನವರೆಗೂ ಓಡುತ್ತೆ. ಇದನ್ನ 'ಸೈಕಲ್' ಅಂತಾರೆ. ಮನುಷ್ಯ ನಡೆಯೋದು, ಹಕ್ಕಿ ರೆಕ್ಕೆ ಬಡಿಯೋದು, ಮಳೆ ಹನಿ ಬೀಳೋದು, ಎಲ್ಲವೂ ಸೈಕಲ್ಲೇ. ಅವತ್ತು ಒಬ್ಬ ಶ್ರೀಮಂತನ ದುಡ್ಡು, 12 ಕ್ಯಾಮೆರಾ ಬೇಕಾಗಿತ್ತು. ಇವತ್ತು ನಿಮ್ಮ ಫೋನಿನ ಸ್ಲೋ ಮೋಷನ್ ಆ ಕೆಲಸ ಮಾಡುತ್ತೆ. ನಿಮ್ಮ ಬೀದಿಯ ನಾಯಿ ಓಡೋದನ್ನ ತೆಗೆದು, ಒಂದೊಂದು ಚಿತ್ರ ನಿಲ್ಲಿಸಿ ನೋಡಿ. ಕಾಲೇಜಿಗೆ ಫೀಸು ಕಟ್ಟದೇ ಸಿಗೋ ಮೊದಲ ಪಾಠ ಅದು.

ಬಟಾಣಿ, ಬೆಂಕಿಕಡ್ಡಿ ಮತ್ತು ಸರಸ್ವತಿಬಾಯಿ

ಚಲನೆಯನ್ನ ತುಂಡು ಮಾಡೋದು ಮೈಬ್ರಿಜ್ ತೋರಿಸಿದ ದಾರಿ. ತುಂಡುಗಳನ್ನ ಜೋಡಿಸಿ ಇಲ್ಲದ ಚಲನೆಯನ್ನ ಹುಟ್ಟಿಸೋದು ಅದರ ಮುಂದಿನ ಹೆಜ್ಜೆ. ಆ ಹೆಜ್ಜೆಯನ್ನ ನಮ್ಮ ದೇಶದಲ್ಲಿ ಇಟ್ಟವರ ಹೆಸರು ನೀವು ಬೇರೆ ಕಾರಣಕ್ಕೆ ಕೇಳಿರ್ತೀರಿ: ದಾದಾಸಾಹೇಬ್ ಫಾಲ್ಕೆ.

ಫಾಲ್ಕೆ ಅಂದ್ರೆ 1913ರ 'ರಾಜಾ ಹರಿಶ್ಚಂದ್ರ'. ಆದ್ರೆ ಅದಕ್ಕೂ ಮೊದಲು ಅವರು ಒಂದು ಬಟಾಣಿ ಕಾಳಿನ ಸಿನಿಮಾ ಮಾಡಿದ್ದರು. ಜೀವವಿಮೆ ಪಾಲಿಸಿಗಳನ್ನ ಒತ್ತೆ ಇಟ್ಟು 1912ರಲ್ಲಿ ಲಂಡನ್‌ಗೆ ಹೋಗಿ, ಅಲ್ಲಿಂದ ಒಂದು ವಿಲಿಯಮ್ಸನ್ ಕ್ಯಾಮೆರಾ ತಂದರು. ಕ್ಯಾಮೆರಾ ಬಂತು, ಸಿನಿಮಾ ತೆಗೆಯೋಕೆ ದುಡ್ಡಿಲ್ಲ. ಸಾಲ ಕೊಡೋರಿಗೆ ಸಿನಿಮಾ ಅಂದ್ರೆ ಏನು ಅಂತ ತೋರಿಸಬೇಕು. ಅದಕ್ಕೆ ಕುಂಡದಲ್ಲಿ ಬಟಾಣಿ ಹಾಕಿ, ಅದರ ಮುಂದೆ ಕ್ಯಾಮೆರಾ ನಿಲ್ಲಿಸಿ, ದಿನಕ್ಕೊಂದು ಫ್ರೇಮ್‌ನಂತೆ ತೆಗೆದರು. ಮೊಳಕೆ ಒಡೆದು, ಎಲೆ ಬಿಟ್ಟು, ಬಳ್ಳಿಯಾಗೋವರೆಗೆ ಕಾದರು. ತೆರೆ ಮೇಲೆ ಹಾಕಿದಾಗ ಕಾಳು ಕಣ್ಣೆದುರೇ ಗಿಡವಾಗಿ ಎದ್ದು ನಿಲ್ತು. ನೋಡಿದವರು ಸಾಲ ಕೊಡೋಕೆ ಮುಂದೆ ಬಂದರು.

ನಟ ಬೇಡ, ಸೆಟ್ ಬೇಡ, ಚಿತ್ರ ಬರೆಯೋದೂ ಬೇಡ. ಒಂದು ಕಾಳು, ಒಂದು ಕುಂಡ, ಬೇಕಾದಷ್ಟು ತಾಳ್ಮೆ. ದುಡ್ಡಿಲ್ಲದವನ ಸಿನಿಮಾಗೆ ಇದಕ್ಕಿಂತ ಒಳ್ಳೆ ಉದಾಹರಣೆ ನನಗೆ ಗೊತ್ತಿಲ್ಲ. ಮುಂದೆ 1915ರಲ್ಲಿ ಫಾಲ್ಕೆ ಬೆಂಕಿಕಡ್ಡಿಗಳನ್ನೇ ಪಾತ್ರ ಮಾಡಿ, ಒಂದಿಷ್ಟು ಸರಿಸಿ ಒಂದು ಫ್ರೇಮ್, ಇನ್ನೊಂದಿಷ್ಟು ಸರಿಸಿ ಇನ್ನೊಂದು ಫ್ರೇಮ್ ಅಂತ 'ಆಗಕಾಡ್ಯಾಂಚಿ ಮೌಜ್' ಮಾಡಿದರು. ಬೆಂಕಿಕಡ್ಡಿಗಳ ಮೋಜು ಅಂತ ಅರ್ಥ. ನಾವು ಇವತ್ತು ಸ್ಟಾಪ್ ಮೋಷನ್ ಅಂತೀವಲ್ಲ, ಅದೇ ಇದು.

ಆದರೆ ಇಲ್ಲಿ ಒಂದು ಹೆಸರನ್ನ ಬಿಟ್ಟು ಮುಂದೆ ಹೋಗಬಾರದು: ಸರಸ್ವತಿಬಾಯಿ ಫಾಲ್ಕೆ. ಕಚ್ಚಾ ಫಿಲಂಗೆ ಅಂಚಲ್ಲಿ ತೂತು ಹಾಕೋದು, ರಾಸಾಯನಿಕದಲ್ಲಿ ತೊಳೆಯೋದು, ಕತ್ತಲ ಕೋಣೆ ಕೆಲಸ, ಇದೆಲ್ಲ ಅವರು ಕಲಿತು ಮಾಡಿದರು. 'ರಾಜಾ ಹರಿಶ್ಚಂದ್ರ'ಕ್ಕಾಗಿ ಅವರ ಒಡವೆ ಅಡವಿಗೆ ಹೋಯ್ತು. ಚಿತ್ರೀಕರಣದ ತಂಡಕ್ಕೆ ಅಡುಗೆ ಮಾಡಿ ಹಾಕಿದ್ದೂ ಅವರೇ. ಇತಿಹಾಸದ ಪುಸ್ತಕದಲ್ಲಿ ಒಬ್ಬರೇ ಮಾಡಿದರು ಅಂತ ಬರೆದ ಕಡೆಯೆಲ್ಲ ನಾನೀಗ ಒಂದು ಪ್ರಶ್ನೆ ಕೇಳ್ಕೋತೀನಿ: ಆ ಹೊತ್ತಲ್ಲಿ ಮನೆ ನಡೆಸಿದವರು ಯಾರು?

ಗುಬ್ಬಿ: ಒಂದೇ ಪರದೆ, ನೂರು ನಾಟಕ

ಈಗ ಗುಬ್ಬಿ. ಒಬ್ಬರೇ ಮಾಡೋ ಸಿನಿಮಾ ಬಗ್ಗೆ ಮಾತಾಡ್ತಾ ಗುಬ್ಬಿಗೆ ಹೋಗೋದು ಸ್ವಲ್ಪ ಉಲ್ಟಾ ಅನ್ನಿಸಬಹುದು. ಯಾಕಂದ್ರೆ ಗುಬ್ಬಿ ಕಂಪನಿ ಅಂದ್ರೆ ಜನಸಾಗರ.

1884ರಲ್ಲಿ ಗುಬ್ಬಿಯಲ್ಲಿ ಶುರುವಾದ ಶ್ರೀ ಚನ್ನಬಸವೇಶ್ವರ ನಾಟಕ ಕಂಪನಿಗೆ ಹುಡುಗನಾಗಿ ಸೇರಿದ ವೀರಣ್ಣ, 1917ರಲ್ಲಿ ಅದರ ಮಾಲೀಕರಾದರು. 1934ರ 'ಕುರುಕ್ಷೇತ್ರ' ನಾಟಕದಲ್ಲಿ ರಂಗದ ಮೇಲೆ ನಿಜವಾದ ಆನೆ, ಕುದುರೆ ತಂದು ನಿಲ್ಲಿಸಿದರು. ಆ ಕಾಲಕ್ಕೆ ಅದು ವಿಎಫ್‌ಎಕ್ಸ್ ಕಣ್ರೀ! ಮೂಕಿ ಚಿತ್ರಗಳ ಕಾಲದಲ್ಲೇ ಸಿನಿಮಾಕ್ಕೂ ಕೈ ಹಾಕಿದರು. ಅವರ ಸಂಸ್ಥೆ ಕೈಜೋಡಿಸಿದ 1954ರ 'ಬೇಡರ ಕಣ್ಣಪ್ಪ'ದಿಂದ ರಾಜ್‌ಕುಮಾರ್ ನಾಯಕರಾದರು. ತುಮಕೂರಿನ ರಂಗಮಂದಿರಕ್ಕೆ ಇವತ್ತು ಇರೋದು ಅವರದೇ ಹೆಸರು, ಗುಬ್ಬಿ ವೀರಣ್ಣ ಕಲಾಕ್ಷೇತ್ರ.

ಇಷ್ಟು ದೊಡ್ಡ ಕಂಪನಿಯಿಂದ ಒಂಟಿಯಾಗಿ ಕೂತವರು ಏನು ಕಲೀಬಹುದು? ಆನೆಯನ್ನ ಬಿಟ್ಟುಬಿಡಿ, ಹಿಂದಿನ ಪರದೆ ನೋಡಿ. ವೃತ್ತಿ ಕಂಪನಿಗಳ ಹತ್ತಿರ ಬಣ್ಣ ಬಳಿದ ಪರದೆಗಳ ಒಂದು ಸೆಟ್ ಇರ್ತಿತ್ತು: ಅರಮನೆ, ರಾಜಬೀದಿ, ಕಾಡು, ಉದ್ಯಾನ. ಇವತ್ತು ಹರಿಶ್ಚಂದ್ರ ನಿಂತ ಕಾಡಿನಲ್ಲೇ ನಾಳೆ ನಳ ಮಹಾರಾಜ ನಿಲ್ತಾನೆ. ಪ್ರೇಕ್ಷಕರಿಗೆ ಅದು ಗೊತ್ತು, ಯಾರೂ ತಕರಾರು ಮಾಡ್ತಿರಲಿಲ್ಲ. ಊರಿಂದೂರಿಗೆ ಕ್ಯಾಂಪ್ ಹಾಕೋ ಕಂಪನಿಗೆ ಗಾಡಿಯಲ್ಲಿ ಹೊರೋಷ್ಟು ಸಾಮಾನಿನಲ್ಲೇ ಎಲ್ಲ ಲೋಕಗಳೂ ಇರಬೇಕಿತ್ತು.

ಇದೇ ಉಪಾಯ ಜಪಾನಿನಲ್ಲಿ ಒಂದು ಉದ್ಯಮವನ್ನೇ ಕಟ್ಟಿತು. 1963ರ ಜನವರಿಯಲ್ಲಿ ಒಸಾಮು ತೆಜುಕಾ ಅವರ 'ಆಸ್ಟ್ರೊ ಬಾಯ್' ಟೀವಿಯಲ್ಲಿ ಶುರುವಾಯ್ತು. ವಾರಕ್ಕೊಂದು ಕಂತು ಕೊಡಬೇಕು, ಕೈಯಲ್ಲಿ ಕಾಸು ಕಡಿಮೆ. ಅವರು ಬರೆದ ಚಿತ್ರಗಳನ್ನ ಎತ್ತಿಟ್ಟು ಮತ್ತೆ ಮತ್ತೆ ಬಳಸಿದರು. ಹಾರೋ ದೃಶ್ಯ ಒಂದು ಸಲ ಬರೆದ್ರೆ ಹತ್ತು ಕಂತಿಗೆ ಆಯ್ತು. ಮಾತಾಡುವಾಗ ಬಾಯಿ ಮಾತ್ರ ಆಡುತ್ತೆ, ಉಳಿದದ್ದು ನಿಶ್ಚಲ. ಅದೇ ಕಾಲದ ಅಮೆರಿಕದ ಹಾನಾ ಬಾರ್ಬೆರಾ ಕಾರ್ಟೂನ್‌ಗಳಲ್ಲಿ ಯೋಗಿ ಕರಡಿಯ ಕುತ್ತಿಗೆಗೆ ಕಾಲರ್, ಟೈ ಯಾಕಿದೆ ಅಂತ ಯೋಚಿಸಿದ್ದೀರಾ? ಕಾಲರ್ ಮೇಲಿನ ತಲೆಯನ್ನ ಮಾತ್ರ ಆಡಿಸಬಹುದು, ಕೆಳಗಿನ ಮೈ ಮತ್ತೆ ಬರೆಯೋದು ಬೇಡ. ನಾವು ಶೈಲಿ ಅಂತ ಮೆಚ್ಚಿಕೊಂಡದ್ದು ಮೂಲದಲ್ಲಿ ಉಳಿತಾಯ.

ತೊಗಲು ಗೊಂಬೆಯ ಲೆಕ್ಕ

ಉಳಿತಾಯದ ಮಾತು ಬಂದ ಮೇಲೆ, ಕಂಪನಿ ನಾಟಕಕ್ಕಿಂತ ಹಳೆಯ, ಅದಕ್ಕಿಂತ ಬಡವರ ಕಲೆಯೊಂದನ್ನ ನೆನೆಯಲೇಬೇಕು. ಒಂದೇ ಕುಟುಂಬ ಇಡೀ ರಾಮಾಯಣ, ಮಹಾಭಾರತ ತೋರಿಸ್ತಿದ್ದ ಕಲೆ: ತೊಗಲು ಗೊಂಬೆಯಾಟ.

ಒಂದು ಬಿಳಿ ಪಂಚೆ, ಹಿಂದೆ ದೀಪ, ನಡುವೆ ಹದ ಮಾಡಿದ ಚರ್ಮದಲ್ಲಿ ಕತ್ತರಿಸಿ ಬಣ್ಣ ಹಚ್ಚಿದ ಗೊಂಬೆ. ಗಂಡ ಗೊಂಬೆ ಆಡಿಸ್ತಾ ಮಾತು ಹೇಳ್ತಿದ್ರೆ, ಹೆಂಡತಿ ಹೆಣ್ಣು ಪಾತ್ರಗಳ ದನಿ ಕೊಟ್ಟು ಹಾಡ್ತಾಳೆ, ಮಕ್ಕಳು ವಾದ್ಯ ನುಡಿಸ್ತಾರೆ. ಹಲವು ಗೊಂಬೆಗಳಲ್ಲಿ ಆಡೋ ಭಾಗ ಒಂದು ಕೈ ಮಾತ್ರ. ಕೆಲವಕ್ಕೆ ಅದೂ ಇಲ್ಲ, ರಥ, ಕುದುರೆ, ಸಾರಥಿ ಎಲ್ಲ ಸೇರಿ ಒಂದೇ ಹಾಳೆ. ರಾಜನ ಗೊಂಬೆ ದೊಡ್ಡದು, ಸೇವಕನದು ಚಿಕ್ಕದು, ಹಂಗಾಗಿ ಯಾರು ಯಾರು ಅಂತ ಪರಿಚಯ ಮಾಡಿಸೋ ಕೆಲಸವೂ ಉಳಿಯಿತು. ನಡುನಡುವೆ ಕಿಳ್ಳೇಕ್ಯಾತ, ಬಂಗಾರಕ್ಕ ಬಂದು ಜನರನ್ನ ನಗಿಸಿ ಹೋಗ್ತಾರೆ.

ಇಲ್ಲಿ ಗಮನಿಸಬೇಕಾದ್ದು: ಗೊಂಬೆ ಆಡೋದು ಕಡಿಮೆ, ದನಿ ಆಡೋದು ಹೆಚ್ಚು. ಗೊಂಬೆಯ ಮುಖದಲ್ಲಿ ಇಲ್ಲದ ಸಿಟ್ಟು, ಅಳು, ಪೋಲಿತನ ಎಲ್ಲವೂ ದನಿಯಿಂದ ಬರುತ್ತೆ. ಕೊಪ್ಪಳ ಜಿಲ್ಲೆ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಘೋಷಣೆಯಾದಾಗ ಬಹಳಷ್ಟು ಜನ ಮೊದಲ ಸಲ ಈ ಕಲೆಯ ಹೆಸರು ಕೇಳಿದರು. ಅಷ್ಟು ಹೊತ್ತಿಗೆ ಅವರಿಗೆ 90 ದಾಟಿತ್ತು.

ಇದೇ ನೆರಳಿನ ತತ್ವ ಹಿಡಿದು ಜರ್ಮನಿಯಲ್ಲಿ ಒಬ್ಬ ಹೆಣ್ಣುಮಗಳು ಚರಿತ್ರೆ ಬರೆದಳು. ಹೆಸರು ಲೊಟ್ಟೆ ರೈನಿಗರ್. 1923ರಲ್ಲಿ ಶುರು ಮಾಡಿದಾಗ ಆಕೆಗೆ 24ರ ಆಸುಪಾಸು. ಸ್ಟುಡಿಯೊ ಇಲ್ಲ. ಬರ್ಲಿನ್ ಪಕ್ಕದ ಪಾಟ್ಸ್‌ಡ್ಯಾಮ್‌ನಲ್ಲಿ, ಲೂಯಿ ಹಾಗನ್ ಅನ್ನೋ ಬ್ಯಾಂಕರ್ ಕೊಟ್ಟ ಗ್ಯಾರೇಜಿನ ಅಟ್ಟದಲ್ಲಿ ಕೆಲಸ. ಕಪ್ಪು ರಟ್ಟನ್ನ ಕತ್ತರಿಯಲ್ಲಿ ಕತ್ತರಿಸಿ, ಕೀಲುಗಳನ್ನ ತಂತಿಯಲ್ಲಿ ಕಟ್ಟಿ, ಗಾಜಿನ ಮೇಜಿನ ಮೇಲೆ ಮಲಗಿಸಿ, ಕೆಳಗಿಂದ ಬೆಳಕು ಬಿಟ್ಟು, ಮೇಲಿಂದ ಒಂದೊಂದೇ ಫ್ರೇಮ್ ತೆಗೆದರು. ಗಂಡ ಕಾರ್ಲ್ ಕಾಖ್ ಕ್ಯಾಮೆರಾದಲ್ಲಿ, ಜೊತೆಗೆ ಬೆರಳೆಣಿಕೆಯ ಗೆಳೆಯರು. ಮೂರು ವರ್ಷ ಹಿಡೀತು. 1926ರಲ್ಲಿ 'ರಾಜಕುಮಾರ ಅಹ್ಮದನ ಸಾಹಸಗಳು' ಬಿಡುಗಡೆಯಾಯ್ತು. ಒಂದು ಗಂಟೆಗೂ ಮೀರಿದ ಚಿತ್ರ. ಇವತ್ತಿಗೂ ಉಳಿದಿರೋ ಪೂರ್ಣಪ್ರಮಾಣದ ಅನಿಮೇಷನ್ ಸಿನಿಮಾಗಳಲ್ಲಿ ಅದೇ ಅತ್ಯಂತ ಹಳೆಯದು. ಡಿಸ್ನಿಯ 'ಸ್ನೋ ವೈಟ್' ಬಂದಿದ್ದು 1937ರಲ್ಲಿ, ಅಂದ್ರೆ 11 ವರ್ಷ ಆಮೇಲೆ.

ಮುಖ ಬರೆಯೋಕೆ ಬರಲ್ಲ ಅನ್ನೋರಿಗೆ ಇದಕ್ಕಿಂತ ದೊಡ್ಡ ಸಮಾಧಾನ ಏನಿದೆ? ನೆರಳಿಗೆ ಮುಖವೇ ಬೇಡ.

ಒಂದು ಕಂಪ್ಯೂಟರ್, ಒಬ್ಬ ಮನುಷ್ಯ

ಇಲ್ಲಿಂದ ನಮ್ಮ ಕಾಲಕ್ಕೆ ಜಿಗಿಯೋಣ. 2002ರಲ್ಲಿ ಎರಡು ಘಟನೆ ನಡೆದವು. ಜಪಾನಿನಲ್ಲಿ ಮಕೋಟೊ ಶಿಂಕಾಯ್ ಎಂಬ ಯುವಕ ಕೆಲಸ ಬಿಟ್ಟು, ಮನೆಯ ಒಂದೇ ಕಂಪ್ಯೂಟರ್‌ನಲ್ಲಿ 25 ನಿಮಿಷದ 'ವಾಯ್ಸಸ್ ಆಫ್ ಎ ಡಿಸ್ಟೆಂಟ್ ಸ್ಟಾರ್' ಮಾಡಿ ಬಿಡುಗಡೆ ಮಾಡಿದರು. ಮೊದಲು ಅದರ ದನಿಗಳು ಅವರದ್ದು ಮತ್ತು ಅವರು ಮದುವೆಯಾಗಲಿದ್ದ ಹುಡುಗಿಯದ್ದು. ಸಂಗೀತ ಮಾತ್ರ ಗೆಳೆಯರೊಬ್ಬರದ್ದು. ಇದೇ ಶಿಂಕಾಯ್ ಮುಂದೆ 'ಯುವರ್ ನೇಮ್' ಮಾಡಿದರು.

ಅದೇ ವರ್ಷ ಬ್ಲೆಂಡರ್ ಅನ್ನೋ ತ್ರೀಡಿ ಸಾಫ್ಟ್‌ವೇರ್ ಎಲ್ಲರಿಗೂ ಉಚಿತವಾಯ್ತು. ಅದನ್ನ ಹೊಂದಿದ್ದ ಕಂಪನಿ ಮುಚ್ಚಿತ್ತು. ಬಳಕೆದಾರರೇ ಕೆಲವು ವಾರಗಳಲ್ಲಿ ಒಂದು ಲಕ್ಷ ಯೂರೊ ಕೂಡಿಸಿ, ಅದನ್ನ ಬಿಡಿಸ್ಕೊಂಡು, ಮುಕ್ತ ತಂತ್ರಾಂಶ ಮಾಡಿದರು. ಇದಾಗಿ ಇಪ್ಪತ್ತು ಚಿಲ್ಲರೆ ವರ್ಷಕ್ಕೆ, 2025ರ ಮಾರ್ಚ್‌ನಲ್ಲಿ, ಬ್ಲೆಂಡರ್‌ನಲ್ಲಿ ಮಾಡಿದ ಲಾಟ್ವಿಯಾದ 'ಫ್ಲೋ' ಆಸ್ಕರ್ ಗೆದ್ದಿತು. ಅದರ ನಿರ್ದೇಶಕ ಗಿಂಟ್ಸ್ ಜಿಲ್ಬಾಲೊಡಿಸ್ ಅದಕ್ಕೂ ಮೊದಲು, 2019ರಲ್ಲಿ, 'ಅವೇ' ಅನ್ನೋ 75 ನಿಮಿಷದ ಸಿನಿಮಾವನ್ನ ಒಬ್ಬರೇ ಮಾಡಿದ್ದರು, ಸಂಗೀತವೂ ಸೇರಿ. ಮೂರೂವರೆ ವರ್ಷದ ಕೆಲಸ. ಅದರಲ್ಲಿ ಒಂದೇ ಒಂದು ಮಾತಿಲ್ಲ.

ನಮ್ಮ ದೇಶದಲ್ಲಿ ಗೀತಾಂಜಲಿ ರಾವ್ ವರ್ಷಗಟ್ಟಲೆ ಕೂತು ಕೈಯಲ್ಲೇ ಬಣ್ಣ ಹಾಕಿದ 15 ನಿಮಿಷದ 'ಪ್ರಿಂಟೆಡ್ ರೈನ್‌ಬೋ' 2006ರಲ್ಲಿ ಕಾನ್ ಚಿತ್ರೋತ್ಸವದ ಕ್ರಿಟಿಕ್ಸ್ ವೀಕ್‌ನಲ್ಲಿ ಮೂರು ಪ್ರಶಸ್ತಿ ಪಡೀತು. ಕಥೆ ಏನು ಗೊತ್ತಾ? ಒಂಟಿ ಮುದುಕಿ, ಅವಳ ಬೆಕ್ಕು, ಅವಳು ಕೂಡಿಟ್ಟ ಬೆಂಕಿಪೊಟ್ಟಣಗಳು. ಪೊಟ್ಟಣದ ಮೇಲಿನ ಚಿತ್ರಗಳ ಒಳಗೆ ಅವಳು ಹೊಕ್ಕು ಬಿಡ್ತಾಳೆ. ಫಾಲ್ಕೆಯ ಬೆಂಕಿಕಡ್ಡಿಯಿಂದ 91 ವರ್ಷಕ್ಕೆ ಬೆಂಕಿಪೊಟ್ಟಣ!

ನಮ್ಮ ಬೆಂಗಳೂರಿನಿಂದ ಒಂದು ಉದಾಹರಣೆ: ವಿ. ರವಿಶಂಕರ್ ಅವರ 'ಪುಣ್ಯಕೋಟಿ'. ಐಟಿ ಕಂಪನಿಯಲ್ಲಿ ಕೆಲಸ ಮಾಡ್ತಾ, ನಾವೆಲ್ಲ ಶಾಲೆಯಲ್ಲಿ ಕಲಿತ ಗೋವಿನ ಹಾಡಿನ ಕಥೆ ಇಟ್ಕೊಂಡು, ಸಾರ್ವಜನಿಕರಿಂದ ದುಡ್ಡು ಕೂಡಿಸಿ, ಬೇರೆ ಬೇರೆ ಊರಿನ ಕಲಾವಿದರ ಹತ್ತಿರ ಕೆಲಸ ಮಾಡಿಸಿದರು. 2020ರಲ್ಲಿ ನೆಟ್‌ಫ್ಲಿಕ್ಸ್‌ಗೆ ಬಂತು. ಇಳಯರಾಜ ಸಂಗೀತ, ಹಸುವಿಗೆ ರೇವತಿ ಅವರ ದನಿ. ಆದ್ರೆ ಭಾಷೆ ಸಂಸ್ಕೃತ. ಸಂಸ್ಕೃತದ ಅನಿಮೇಷನ್ ಸಿನಿಮಾ ಅನ್ನೋದೇ ಅದರ ಹೆಗ್ಗಳಿಕೆ. ಹೆಮ್ಮೆ ಪಡೋಣ, ಜೊತೆಗೆ ಒಂದು ಪ್ರಶ್ನೆಯನ್ನೂ ಇಟ್ಕೊಳ್ಳೋಣ: ಕನ್ನಡದ ಪುಣ್ಯಕೋಟಿ ಕನ್ನಡದಲ್ಲೇ ಮಾತಾಡೋದು ಯಾವಾಗ? ಚಿಂಟು ಟೀವಿ ನೋಡಿ ಬೆಳೆದ ನಮಗೆ ಡಬ್ ಆದ ಕಾರ್ಟೂನ್‌ಗಳ ಕನ್ನಡ ಚೆನ್ನಾಗಿ ಗೊತ್ತು. ಗುಬ್ಬಿ ಸಂತೆಯ ಕನ್ನಡ ಮಾತಾಡೋ ಕಾರ್ಟೂನ್ ಯಾವುದಾದ್ರೂ ನೆನಪಿದೆಯಾ?

ಎಐ ಬಗ್ಗೆ ಹೇಳದಿದ್ರೆ ನೀವು ಬಿಡಲ್ಲ. 2025ರಲ್ಲಿ 'ಲವ್ ಯೂ' ಅನ್ನೋ ಕನ್ನಡ ಸಿನಿಮಾ ಎಐ ಬಳಸಿಯೇ ತಯಾರಾಯ್ತು. ಬೆಂಗಳೂರಿನ ನರಸಿಂಹಮೂರ್ತಿ ಅವರ ಈ ಚಿತ್ರಕ್ಕೆ ಸುಮಾರು 10 ಲಕ್ಷ ಖರ್ಚು ಅಂತ ವರದಿಗಳು ಹೇಳಿದವು. ಇಬ್ಬರು ಸೇರಿ ಒಂದೂವರೆ ಗಂಟೆ ಸಿನಿಮಾ ಮಾಡಬಹುದು ಅನ್ನೋದು ಸಣ್ಣ ವಿಷಯ ಅಲ್ಲ. ಆದ್ರೆ ಇಲ್ಲಿವರೆಗೆ ಹೇಳಿದ ಪ್ರತಿಯೊಂದು ಚಿತ್ರದಲ್ಲೂ ಏನು ಬಿಡಬೇಕು, ಏನು ಉಳಿಸಬೇಕು ಅಂತ ಒಬ್ಬ ಮನುಷ್ಯ ತೀರ್ಮಾನ ಮಾಡಿದ್ದಾನೆ. ಕೋಲ್ ಗುಂಡಿ ಬಿಟ್ಟರು, ರೈನಿಗರ್ ಮುಖ ಬಿಟ್ಟರು, ಜಿಲ್ಬಾಲೊಡಿಸ್ ಮಾತು ಬಿಟ್ಟರು. ಆ ತೀರ್ಮಾನವನ್ನ ಯಂತ್ರಕ್ಕೆ ಬಿಟ್ಟುಕೊಟ್ರೆ, ಎಲ್ಲರ ಸಿನಿಮಾನೂ ಒಂದೇ ಥರ ಕಾಣೋ ಅಪಾಯ ಇದೆ ಅನ್ನೋದು ನನ್ನ ಅಭಿಪ್ರಾಯ.

ಬಜೆಟ್ ಇಲ್ಲ ಅಂದ್ರೆ ಖರ್ಚಿಲ್ಲ ಅಂತಲ್ಲ

ಈ ಸಂಚಿಕೆಗಾಗಿ ನಾನೂ ಮನೇಲಿ ಬೆಂಕಿಕಡ್ಡಿ ಹಿಡಿದೆ. ಎರಡು ಸ್ಟೀಲ್ ಡಬ್ಬದ ನಡುವೆ ಫೋನ್ ಸಿಗಿಸಿ, ಕ್ಯಾಮೆರಾ ಕೆಳಮುಖ ಮಾಡಿ, ಸೆಕೆಂಡಿಗೆ 12 ಚಿತ್ರದ ಲೆಕ್ಕ ಹಾಕಿದೆ. ಹತ್ತು ಸೆಕೆಂಡಿಗೆ 120 ಫೋಟೊ. ನಿಮಿಷಕ್ಕೆ ಎರಡು ತೆಗೆದ್ರೆ ಸರಿಯಾಗಿ ಒಂದು ಗಂಟೆ. ಖರ್ಚು, ಒಂದು ಬೆಂಕಿಪೊಟ್ಟಣ. ಕಡ್ಡಿಗಳು ಸಾಲಾಗಿ ನಡೆದು ಬಂದು ಪೊಟ್ಟಣದೊಳಗೆ ಮಲಗಿದವು. ಅಷ್ಟೇ ಕಥೆ. ಆದ್ರೆ ಕಡ್ಡಿ ಮೊದಲ ಸಲ ತಾನೇ ಹೆಜ್ಜೆ ಇಟ್ಟಂಗೆ ಕಂಡಾಗ ಪಕ್ಕದಲ್ಲಿದ್ದ ಅಮ್ಮ "ಅಯ್ಯೋ, ಇದೇನೋ ಇದು!" ಅಂದ್ರು.

ಆ ಒಂದು ಗಂಟೆ ನನಗೆ ಪುಕ್ಕಟೆ ಸಿಕ್ಕಿತ್ತಾ? ಅಡುಗೆ ಆಗಿತ್ತು, ಪಾತ್ರೆ ಬೇರೆಯವರು ತೊಳೆದಿದ್ದರು. ದುಡ್ಡಿಲ್ಲದ ಸಿನಿಮಾಕ್ಕೆ ಬೆಲೆ ಕಟ್ಟೋದು ಸಮಯದಲ್ಲಿ, ಆ ಸಮಯ ಎಲ್ಲರ ಹತ್ತಿರ ಒಂದೇ ಸಮ ಇರಲ್ಲ. ಫಾಲ್ಕೆ ಹತ್ತಿರ ಇತ್ತು, ಯಾಕಂದ್ರೆ ಸರಸ್ವತಿಬಾಯಿ ಇದ್ದರು. ಗಾರ್ಮೆಂಟ್ಸ್ ಶಿಫ್ಟ್ ಮುಗಿಸಿ ಬರೋ ಹುಡುಗಿಗೆ, ಕಾಲೇಜಿನ ಜೊತೆ ಡೆಲಿವರಿ ಕೆಲಸ ಮಾಡೋ ಹುಡುಗನಿಗೆ ಅದು ಇಲ್ಲ. ಆಪ್ ಉಚಿತ ಆದ ಮಾತ್ರಕ್ಕೆ ಎಲ್ಲರಿಗೂ ಬಾಗಿಲು ತೆರೀತು ಅನ್ನೋದನ್ನ ನಾನು ಒಪ್ಪಲ್ಲ. ಅದಕ್ಕೇ ನನ್ನ ಸಲಹೆಗಳೂ ಸಮಯದ ಬಗ್ಗೆನೇ.

ಮೊದಲನೇದು, 30 ಸೆಕೆಂಡ್ ಸಾಕು. ಹತ್ತು ನಿಮಿಷದ ಸಿನಿಮಾ ಶುರು ಮಾಡಿ ಅರ್ಧಕ್ಕೆ ಬಿಡೋದಕ್ಕಿಂತ, 30 ಸೆಕೆಂಡ್ ಮುಗಿಸೋದು ದೊಡ್ಡದು. ಎರಡನೇದು, ದನಿಯಿಂದ ಶುರು ಮಾಡಿ. ಅಜ್ಜಿ ಹೇಳೋ ಕಥೆಯೋ, ಅಪ್ಪ ಬಸ್‌ಸ್ಟ್ಯಾಂಡಲ್ಲಿ ಕಂಡ ಜಗಳವೋ ಫೋನಲ್ಲಿ ರೆಕಾರ್ಡ್ ಮಾಡಿ, ಅವರ ಒಪ್ಪಿಗೆ ಕೇಳಿ. ತೊಗಲು ಗೊಂಬೆಯವರು ತೋರಿಸಿದಂಗೆ ದನಿ ಗಟ್ಟಿಯಿದ್ರೆ ಚಿತ್ರ ಸರಳ ಇದ್ರೂ ನಡೆಯುತ್ತೆ. ಮೂರನೇದು, ಬರೆಯೋ ಬದಲು ಕತ್ತರಿಸಿ. ಹಳೇ ಮದುವೆ ಕಾರ್ಡಿನ ರಟ್ಟು, ಕೀಲಿಗೆ ಸೂಜಿ ದಾರ. ನಾಲ್ಕನೇದು, ಗುಬ್ಬಿ ಕಂಪನಿಯ ಪರದೆ ಥರ ನಿಮ್ಮ ಹಿನ್ನೆಲೆಗಳನ್ನ ಎತ್ತಿಡಿ, ಮುಂದಿನ ಕಥೆಗೆ ಬೇಕಾಗುತ್ತೆ. ಇನ್ನೊಂದು ಸಣ್ಣ ವಿಷಯ: ಕಿಟಕಿ ಬೆಳಕನ್ನ ನಂಬಬೇಡಿ, ಮೋಡ ಬಂದ್ರೆ ಚಿತ್ರ ಮಿಣುಕುತ್ತೆ. ರಾತ್ರಿ ಹೊತ್ತು ಒಂದೇ ಎಲ್‌ಇಡಿ ಬಲ್ಬ್ ಸಾಕು.

ಇನ್ನು ಸಿನಿಮಾ ಮುಗಿದ ಮೇಲೆ, ಕೊನೆಯಲ್ಲಿ ಹೆಸರು ಹಾಕ್ತೀರಲ್ಲ, ಅಲ್ಲಿ ನಿಮ್ಮ ಹೆಸರಿನ ಕೆಳಗೆ ಇನ್ನೊಂದು ಸಾಲು ಬಿಡಿ. ನೀವು ಕೂತಿದ್ದ ಹೊತ್ತಲ್ಲಿ ನಿಮ್ಮ ಪಾಲಿನ ಕೆಲಸ ಮಾಡಿದವರ ಹೆಸರು ಅಲ್ಲಿ ಬರೀರಿ.

ನೀವು ಮಾಡಿದ 30 ಸೆಕೆಂಡನ್ನ ನಮಗೆ ಕಳಿಸಿ, ಖಂಡಿತ ನೋಡ್ತೀನಿ.